ಬಾಗಿಲು ಕಾಣದ ಹೆಡ್ಡಾಫೀಸು

"ಮೇಡಂ, ನಿಮ್ಮ ಬಿಲ್ಡಿಂಗ್ ಮುಂದೇನೇ ನಿಂತಿದೀನಿ. ಒಳಗೆ ಬರೋದು ಎಲ್ಲಿಂದ?"

ವಾರಕ್ಕೊಮ್ಮೆಯಾದರೂ ನನಗೆ ಇಂಥ ಫೋನು ಬರುತ್ತದೆ. ಬ್ಯಾಂಕಿನವರು, ಮಾಲು ತಂದವರು, ಇಂಟರ್‌ವ್ಯೂಗೆ ಬಂದ ಹುಡುಗಿಯರು ಎಲ್ಲರದೂ ಇದೇ ಪ್ರಶ್ನೆ. ಒಮ್ಮೆ ತೆರಿಗೆ ಇಲಾಖೆಯ ಅಧಿಕಾರಿಯೊಬ್ಬರು ಕಟ್ಟಡವನ್ನು ಪೂರಾ ಪ್ರದಕ್ಷಿಣೆ ಹಾಕಿ ಬೆವರೊರೆಸಿಕೊಳ್ಳುತ್ತ ಕರೆ ಮಾಡಿದ್ದರು. ಇನ್ನೊಂದು ಸುತ್ತು ಹಾಕಿ ಬೇಸರವಾಗಿ ಹೋಗಿಬಿಡಲಿ ಎಂದು ನಮ್ಮ ಅಕೌಂಟ್ಸಿನವರು ಕಣ್ಣಲ್ಲೇ ಬೇಡಿಕೊಂಡರು. ನನಗೆ ಮನಸ್ಸು ತಡೆಯದೆ ಎಂದಿನ ಉತ್ತರವನ್ನೇ ಹೇಳಿದೆ. "ಎಡಗಡೆ ಓರೆ ಗೋಡೆ ಇದೆಯಲ್ಲ ಸಾರ್, ಅದರ ಹಿಂದೆ ಬನ್ನಿ. ನೆಲದ ಮೇಲೆ ರಂಗೋಲಿ ಕಾಣುತ್ತೆ. ಅಲ್ಲೇ ಬಾಗಿಲು."

ಹೋದ ವರ್ಷ ಆ ರಂಗೋಲಿಯನ್ನೇ ತೆಗೆಸಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ತೆಗೆಸಬೇಕಾದವಳು ಅಡ್ಮಿನ್ ನೋಡಿಕೊಳ್ಳುವ ನಾನು. ರಂಗೋಲಿ ಹಾಕುತ್ತಿದ್ದವಳು ಕಸ ಗುಡಿಸುವ ಭೀಮವ್ವ. ಆ ಕಥೆ ಹೇಳಬೇಕೆಂದೇ ಕೂತಿದ್ದೇನೆ. ಆದರೆ ಮೊದಲು ಕಟ್ಟಡ ತೋರಿಸಬೇಕು. ಅದನ್ನು ಕಾಣದವರಿಗೆ, ಒಂದು ಹಿಡಿ ಬಿಳಿ ಪುಡಿಗೆ ಇಷ್ಟೆಲ್ಲ ರಾಮಾಯಣವೇ ಎನ್ನಿಸೀತು.

ಪೀಣ್ಯ ನಿಮಗೆ ಗೊತ್ತಿರುತ್ತದೆ. ಸಾಲುಸಾಲು ಶೀಟಿನ ಶೆಡ್ಡುಗಳು, ಮುಂದೆ ಕಬ್ಬಿಣದ ಸುರುಳಿ ಚೂರಿನ ರಾಶಿ, ಮಷೀನಿನ ಎಣ್ಣೆ ವಾಸನೆ, ಅಡ್ಡಾದಿಡ್ಡಿ ನಿಂತ ಟೆಂಪೋಗಳು, ನಿಂತೇ ಟೀ ಕುಡಿಯುವ ಜನ. ಇದೆಲ್ಲದರ ನಡುವೆ ಯಂತ್ರಗಳ ಗೇರು ಚಕ್ರ ತಯಾರಿಸುವ ನಮ್ಮ ಕಂಪನಿಯ ಹೆಡ್ಡಾಫೀಸು. ಎರಡೇ ಅಂತಸ್ತು, ಉದ್ದಕ್ಕೆ ಮೈಚಾಚಿ ಮಲಗಿದೆ. ಸುಣ್ಣವಿಲ್ಲ, ಬಣ್ಣವಿಲ್ಲ, ಬರೀ ಕಾಂಕ್ರೀಟು. ಕಾಂಕ್ರೀಟು ಸುರಿಯುವಾಗ ಕಟ್ಟಿದ್ದ ಹಲಗೆಗಳ ಗೆರೆ ಕೂಡ ಗೋಡೆಯ ಮೇಲೆ ಹಾಗೇ ಉಳಿದಿದೆ. ಮುಂದೆ ಹುಲ್ಲುಹಾಸು, ಪಕ್ಕದಲ್ಲಿ ಕಟಕಟೆಯಿಲ್ಲದ ಕೊಳ, ಕೊಳ ದಾಟಲು ಸಾದರಹಳ್ಳಿ ಕಲ್ಲಿನ ಚಪ್ಪಡಿಗಳು, ಒಳಗೆ ಆಕಾಶಕ್ಕೆ ತೆರೆದ ಅಂಗಳ, ಅಂಗಳದಲ್ಲಿ ಒಂದು ಹೊಂಗೆ ಮರ. ಕಿಟಕಿಗಳ ಮುಂದೆ ಬಿಸಿಲು ತಡೆಯಲೆಂದು ಕಾಂಕ್ರೀಟಿನ ನೀಳವಾದ ಪಟ್ಟಿಗಳಿವೆ. ಅವುಗಳ ಸಂಪೂರ್ಣ ಉಪಯೋಗ ಪಡೆದವು ಪಾರಿವಾಳಗಳು. ಸೂರಿನಲ್ಲಿ ಬೆಳಕಿಗೆಂದು ದುಂಡನೆಯ ಗಾಜಿನ ಕಿಂಡಿಗಳಿವೆ. ಮಳೆಗಾಲದಲ್ಲಿ ಬೆಳಕಿನ ಜೊತೆ ನೀರೂ ಇಳಿಯುತ್ತದೆ. ಎಂ.ಡಿ. ಸಾಹೇಬರ ಕೋಣೆಯ ಕಿಂಡಿಗೆ ಮಾತ್ರ ಒಳ್ಳೆಯ ಬಣ್ಣದ ಬಕೆಟ್ಟು ಇಡುತ್ತೇವೆ, ಅದು ಅಡ್ಮಿನ್‌ನವರ ಸಂಸ್ಕಾರ.

ನಾನು ಇಂಟರ್‌ವ್ಯೂಗೆ ಬಂದ ದಿನ ಈ ಕಟ್ಟಡ ನನ್ನನ್ನು ಚೆನ್ನಾಗಿ ಆಟವಾಡಿಸಿತು. ದಾವಣಗೆರೆಯಿಂದ ರಾತ್ರಿ ಬಸ್ಸು ಹತ್ತಿ ಬಂದಿದ್ದೆ. ಸೀರೆಯ ನೆರಿಗೆ ಹಿಡಿದುಕೊಂಡು ಗೋಡೆಯ ಗುಂಟ ನಡೆದೆ. ಗೋಡೆ ಮುಗಿಯಿತು, ಕೊಳ ಬಂತು. ಕೊಳ ಮುಗಿಯಿತು, ಮತ್ತೆ ಗೋಡೆ. ಕೊನೆಗೆ ಎಲ್ಲಿಂದಲೋ ಒಗ್ಗರಣೆಯ ವಾಸನೆ ಬಂತು. ಮನುಷ್ಯರಿರುವ ಗುರುತು ಸಿಕ್ಕಿತಲ್ಲ ಎಂದು ಅದನ್ನೇ ಹಿಡಿದು ಹೋದರೆ ಕ್ಯಾಂಟೀನಿನ ಅಡುಗೆಮನೆ! ಅಲ್ಲಿದ್ದ ಭಟ್ಟರು ಹೊಸ ಕೆಲಸದವಳೆಂದು ತಿಳಿದು, "ಕೂತ್ಕೊಳಮ್ಮ, ಮೊದ್ಲು ತಿಂಡಿ ತಿನ್ನು" ಎಂದು ಉಪ್ಪಿಟ್ಟು ಕೊಟ್ಟರು. ಹಸಿವಾಗಿತ್ತು, ತಿಂದೆ. ಕೆಲಸ ಸಿಗುವುದಕ್ಕೆ ಮೊದಲೇ ಕಂಪನಿಯ ಉಪ್ಪು ತಿಂದವಳು ನಾನೊಬ್ಬಳೇ ಇರಬೇಕು.

ಬಾಗಿಲು ಸಿಕ್ಕಮೇಲೂ ನನಗೆ ಸಮಾಧಾನವಾಗಲಿಲ್ಲ. ಅದಕ್ಕೆ ಚೌಕಟ್ಟಿಲ್ಲ, ಹೊಸ್ತಿಲಿಲ್ಲ. ಹೊರಗಿನ ಕಲ್ಲುಹಾಸೇ ಸೀದಾ ಒಳಗೆ ಹರಿದು ಹೋಗಿದೆ. ನಡುವೆ ಒಂದು ಗಾಜು, ಅಷ್ಟೆ. ನೀವೇ ಹೇಳಿ, ಹೊಸ್ತಿಲಿಲ್ಲದೆ ಒಳಗೆ ಬಂದೆವೆಂದು ತಿಳಿಯುವುದು ಹೇಗೆ? ದಾವಣಗೆರೆಯ ನಮ್ಮ ಹಳೇ ಮನೆಯಲ್ಲಿ ಹೊಸ್ತಿಲೆಂದರೆ ಮನೆಯ ಹಿರಿಯರೊಬ್ಬರು ಅಡ್ಡ ಮಲಗಿದ್ದಾರೆ ಎನ್ನುವಷ್ಟು ಮರ್ಯಾದೆ. ಅದರ ಮೇಲೆ ನಿಲ್ಲುವಂತಿಲ್ಲ, ಕೂರುವಂತಿಲ್ಲ, ಆಚೆ ನಿಂತವರಿಗೆ ಈಚೆಯಿಂದ ಏನನ್ನೂ ಕೊಡುವಂತಿಲ್ಲ. ಅಲ್ಲಿ ಸೀನಿದರಂತೂ ಹೊರಟವರು ಚೀಲ ಇಳಿಸಿ ನೀರು ಕುಡಿದು ಮತ್ತೆ ಹೊರಡಬೇಕು. ಪರೀಕ್ಷೆಯ ದಿನ ಬೇಕೆಂದೇ ಸೀನುತ್ತಿದ್ದ ನನ್ನ ತಮ್ಮನಿಗೆ ಅವ್ವನಿಂದ ಎಷ್ಟು ಏಟು ಬಿದ್ದಿವೆಯೋ! ದಿನಾ ಬೆಳಿಗ್ಗೆ ಅವ್ವ ಹೊಸ್ತಿಲು ತೊಳೆದು, ಎರಡು ಕಡೆ ಅರಿಶಿಣ ಹಚ್ಚಿ, ಅಂಗಳಕ್ಕೆ ನೀರು ಹೊಡೆದು ರಂಗೋಲಿ ಎಳೆಯುತ್ತಿದ್ದಳು. ಆಮೇಲೇ ನಮಗೆಲ್ಲ ಬೆಳಗಾಗುತ್ತಿತ್ತು.

ಈಗ ಅವ್ವ ನನ್ನ ಜೊತೆ ನಾಗಸಂದ್ರದ ಫ್ಲ್ಯಾಟಿನಲ್ಲಿದ್ದಾಳೆ. ಅಲ್ಲಿ ಬಾಗಿಲ ಮುಂದೆ ಅಂಟಿಸಿದ್ದು ಸ್ಟಿಕ್ಕರ್ ರಂಗೋಲಿ. ಒಮ್ಮೆ ಅವಳನ್ನು ಆಫೀಸು ತೋರಿಸಲು ಕರೆತಂದಿದ್ದೆ. ಗೋಡೆ ಮುಟ್ಟಿ ಮುಟ್ಟಿ ನೋಡಿ ದನಿ ತಗ್ಗಿಸಿ ಕೇಳಿದಳು: "ಇಷ್ಟ್ ದೊಡ್ಡ ಕಂಪನಿ, ಗ್ವಾಡಿಗೆ ಗಿಲಾವು ಮಾಡ್ಸಿಲ್ಲಲ್ಲೇ! ರೊಕ್ಕ ಸಾಲಲಿಲ್ಲೇನು?" ಇದೇ ಇದರ ಸೊಗಸು, ಬೇಕೆಂದೇ ಬಿಟ್ಟಿದ್ದಾರೆ ಎಂದರೆ ನಂಬಲೇ ಇಲ್ಲ. ಮಗಳು ಕಂಪನಿಯ ಮಾನ ಕಾಪಾಡುತ್ತಿದ್ದಾಳೆ ಎಂದುಕೊಂಡಳು.

ಆ ಸೊಗಸು ನನಗೂ ಹತ್ತಿದ್ದು ನಿಧಾನವಾಗಿ. ನಾನು ಸೇರಿದ ಹೊಸದರಲ್ಲಿ ಕಟ್ಟಡದ ವಾಸ್ತುಶಿಲ್ಪಿ ಒಮ್ಮೆ ಬಂದಿದ್ದರು. ಆಗಲೇ ಮುದುಕರು. ಗೋಡೆಗೆ ಕೈ ಆನಿಸಿ ಸುಮ್ಮನೆ ನಿಂತಿದ್ದರು. ಹುಚ್ಚು ಧೈರ್ಯದಿಂದ, "ಸಾರ್, ಬಾಗಿಲು ಯಾಕೆ ಮರೆಯಲ್ಲಿಟ್ರಿ?" ಎಂದು ಕೇಳಿಬಿಟ್ಟೆ. ಅವರು ನಕ್ಕು, "ಒಳಗೆ ನುಗ್ಗೋ ಮುಂಚೆ ಮನುಷ್ಯ ಸ್ವಲ್ಪ ನಡೀಲಮ್ಮ. ನೀರು ನೋಡಲಿ, ಮರದ ನೆರಳು ನೋಡಲಿ. ಬಾಗಿಲು ಎಲ್ಲಿ ಹೋಗುತ್ತೆ!" ಎಂದರು. ಅವರೀಗ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಹೊಂಗೆಯ ನೆರಳು ಗೋಡೆಯ ಹಲಗೆ ಗೆರೆಗಳ ಮೇಲೆ ಆಡುವಾಗ ಅವರು ಹೇಳಿದ್ದು ಸರಿ ಅನ್ನಿಸುತ್ತದೆ. ಅಷ್ಟರಲ್ಲಿ ಯಾರಾದರೂ ಬಾಗಿಲು ಎಲ್ಲಿ ಎಂದು ಫೋನು ಮಾಡುತ್ತಾರೆ.

ಇಂಥ ಕಟ್ಟಡಕ್ಕೆ ಭೀಮವ್ವ ಬಂದಳು. ಯಾದಗಿರಿ ಕಡೆಯವಳು, ಹೌಸ್‌ಕೀಪಿಂಗ್ ಏಜೆನ್ಸಿಯ ಮೂಲಕ ಬಂದವಳು. ಸೀರೆಯ ಮೇಲೊಂದು ನೀಲಿ ಕೋಟು, ತಲೆಗೆ ಟೋಪಿ, ಹಣೆಗೆ ವಿಭೂತಿ. ನನ್ನ ಹಣೆಯಲ್ಲೂ ವಿಭೂತಿ ಕಂಡು, "ನೀವೂ ನಮ್ ಕಡಿಯವ್ರೇನ್ರೀ?" ಎಂದು ಮೊದಲ ದಿನವೇ ಮಾತಿಗಿಳಿದಳು. ಮುಂಬಾಗಿಲಿನಿಂದ ಗುಡಿಸಲು ಶುರು ಮಾಡು ಎಂದು ಸೂಪರ್‌ವೈಸರ್ ಅವಳಿಗೆ ಹೇಳಿದ್ದ. ಅವಳು ಮುಂಬಾಗಿಲನ್ನು ಹುಡುಕಿಕೊಂಡು ಹೋದಳು. ಇಡೀ ಕಟ್ಟಡದಲ್ಲಿ ಬಾಗಿಲಿನ ಹಾಗೆ ಕಾಣುವ ಬಾಗಿಲು ಒಂದೇ, ಜನರೇಟರ್ ರೂಮಿನದು. ಎರಡು ಕದ, ಚಿಲಕ, ಬೀಗ ಎಲ್ಲವೂ ಇರುವ ದೊಡ್ಡ ಕಬ್ಬಿಣದ ಬಾಗಿಲು. ಭೀಮವ್ವ ಅದರ ಮುಂದೆ ಗುಡಿಸಿ, ನೀರು ಹೊಡೆದು, ಚೆಂದದೊಂದು ರಂಗೋಲಿ ಹಾಕಿದಳು.

ಅವತ್ತೇ ಪುಣೆಯಿಂದ ಗ್ರಾಹಕರ ತಂಡ ಬರುವುದಿತ್ತು. ಬಂದವರು ರಂಗೋಲಿ ಕಂಡರು, ಸ್ವಾಗತ ಇಲ್ಲೇ ಎಂದುಕೊಂಡರು, ಸೂಟಿನ ಗುಂಡಿ ಹಾಕಿಕೊಂಡು ಜನರೇಟರಿನ ಮುಂದೆ ಸಾಲಾಗಿ ನಿಂತರು. ಸೆಕ್ಯುರಿಟಿ ನಂಜಪ್ಪ ಓಡಿಬಂದ. "ಮೇಡಂ, ಅವ್ರು ಡೀಜಲ್ ಟ್ಯಾಂಕಿಗೆ ಕೈ ಮುಗೀತಾವ್ರೆ, ಬೇಗ ಬನ್ನಿ!" ಕೈ ಮುಗಿಯುತ್ತಿದ್ದರು ಎನ್ನುವುದು ನಂಜಪ್ಪನ ಸೇರ್ಪಡೆ. ನಿಂತಿದ್ದಂತೂ ನಿಜ.

ಭೀಮವ್ವನನ್ನು ಕೇಳಿದರೆ, "ಎಷ್ಟ್ ದೊಡ್ ಬಾಗಿಲಾ ಅದ ನೋಡ್ರಿ. ಅದೇ ಮುಂದಿನ ಬಾಗಿಲಾ ಅಂತ ತಿಳಕೊಂಡಿನ್ರೀ" ಎಂದಳು. ನಾನು ನಗು ಬಿಗಿಹಿಡಿದು, ಓರೆ ಗೋಡೆಯ ಹಿಂದಿನ ಗಾಜು ತೋರಿಸಿದೆ. ಅವಳು ಅದನ್ನು ಅನುಮಾನದಿಂದಲೇ ನೋಡಿದಳು. ಮಾರನೆಯ ದಿನದಿಂದ ರಂಗೋಲಿ ಅಲ್ಲಿಗೆ ಬಂತು. ಯಾರೂ ಹಾಕೆನ್ನಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಸೋಮವಾರ ಲಿಂಗ, ಶುಕ್ರವಾರ ತಾವರೆ, ಉಳಿದ ದಿನ ಚುಕ್ಕಿ ಬಳ್ಳಿ. ನನಗೆ ಫೋನುಗಳು ಕಡಿಮೆಯಾದವು. ಬಂದ ಫೋನಿಗೂ ಉತ್ತರ ಸುಲಭವಾಯಿತು.

ಹೀಗೆ ವರ್ಷಗಳು ನಡೆದವು. ಹೋದ ವರ್ಷ ಕಟ್ಟಡ ದುರಸ್ತಿ ಮಾಡಿಸಲು ತೀರ್ಮಾನವಾಯಿತು. ಕೆಲಸಕ್ಕೆ ಬಂದ ವಾಸ್ತುಶಿಲ್ಪಿ ಚಿಕ್ಕ ವಯಸ್ಸಿನ ಹುಡುಗಿ. ಅವಳ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವಳಷ್ಟು ಪ್ರೀತಿಯಿಂದ ಆ ಗೋಡೆಗಳನ್ನು ನೋಡಿದವರು ನಮ್ಮಲ್ಲಿ ಯಾರೂ ಇಲ್ಲ. ನಾವೆಲ್ಲ ಸೇರಿ ಕಟ್ಟಡದ ಮೈಮೇಲೆ ಏನೇನು ಹೇರಿದ್ದೆವೋ ಎಲ್ಲವನ್ನೂ ಬಿಡಿಸುತ್ತ ಬಂದಳು. ಪ್ಲಾಸ್ಟಿಕ್ ತೋರಣ ಹೋಯಿತು, 'ಸುಸ್ವಾಗತ' ಎಂದು ಬರೆದ ಕಾಲೊರಸು ಹೋಯಿತು, ನಾನೇ ಮುತುವರ್ಜಿಯಿಂದ ತರಿಸಿದ್ದ ಕ್ರೋಟನ್ ಕುಂಡಗಳೂ ಹೋದವು. ಕಟ್ಟಡ ಹಳೆಯ ಗಾಂಭೀರ್ಯದಲ್ಲಿ ಎದ್ದು ಕಾಣತೊಡಗಿತು. ಆಮೇಲೆ ಅವಳು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಮೇಲೆ ಬೆರಳಾಡಿಸಿದಳು.

"ಮೇಡಂ, ರಂಗೋಲಿ ಪುಡಿ ಕಲ್ಲಿನೊಳಗೆ ಇಳಿದುಬಿಟ್ಟಿದೆ. ಇದನ್ನ ನಿಲ್ಲಿಸ್ಬೇಕಾಗುತ್ತೆ. ಸಾರಿ."

ಕಲ್ಲು ನಿಜವಾಗಿಯೂ ಬೆಳ್ಳಗಾಗಿತ್ತು. ಜನರಲ್ ಮ್ಯಾನೇಜರ್ ಒಪ್ಪಿದರು. ನಾನು ಹೋಗಿ ಭೀಮವ್ವನಿಗೆ ಹೇಳಿದೆ. ಅವಳು ಪುಡಿಯ ಡಬ್ಬಿಯ ಮುಚ್ಚಳ ಹಾಕಿ, "ಆಯ್ತ್ರೀ" ಎಂದಳು.

ಮರುದಿನ ಊಟದ ಹೊತ್ತಿಗೆ ನನ್ನ ಕ್ಯಾಬಿನ್ನಿಗೆ ಬಂದಳು. ಕೂರು ಎಂದರೂ ಕೂರಲಿಲ್ಲ. ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಹೇಳಿದಳು.

"ಮೇಡಂರೀ, ನಿಮಗ ಒಂದ್ ಮಾತ್ ಹೇಳಿಲ್ಲ ನಾ. ನಮ್ಮನ್ಯಾವ್ರು ಇಲ್ರೀ. ಕಾಮಾಲಿ ಆಗಿ ತೀರ್ಕೊಂಡ್ರು. ಆಮ್ಯಾಲೇ ನಾ ಈ ಕೆಲಸಕ್ಕ ಬಂದಿದ್ದು. ನಾವ್ ಬಾಡಿಗಿ ಇರೋ ವಠಾರದಾಗ ಮನಿ ಮಾಲಕ್ರು ಹೇಳ್ಯಾರ, ಮುಂಜಾನೆದ್ದು ನೀ ಬಾಗಿಲಿಗಿ ರಂಗೋಳಿ ಹಾಕಬ್ಯಾಡ, ಮಂದಿ ಕೆಲಸಕ್ಕ ಹೋಗೋ ಹೊತ್ತು, ನಿನ್ ರಂಗೋಳಿ ದಾಟಿ ಹೋದ್ರ ಛಲೋ ಅಲ್ಲ ಅಂತ. ನಮ್ ಬಾಗಿಲಿಗೂ ಅವ್ರೇ ಹಾಕ್ತಾರ."

ನಾನು ಊಟದ ಡಬ್ಬಿ ಪಕ್ಕಕ್ಕೆ ಸರಿಸಿದೆ.

"ಸಣ್ಣಾಕಿ ಇದ್ದಾಗಿಂದ ಹಾಕೀನ್ರೀ. ಒಂದ್ ದಿನಾನೂ ಬಿಟ್ಟಿಲ್ಲ. ಕೈ ಕೇಳೂದಿಲ್ಲ. ಇಲ್ಲಿ ನೋಡಿದ್ರ ಹೊಸ್ತಿಲಾನೇ ಇಲ್ಲ. ಹೊಸ್ತಿಲಾ ಇಲ್ದಲ್ಲಿ ಯಾರ್ ಏನ್ ಅಂತಾರ ಅಂತ ಶುರು ಮಾಡಿದೆ. ಇದೂ ಹೋತಂದ್ರ ನಂಗ ಎಲ್ಲೂ ಇಲ್ರೀ." ಬಾಗಿಲ ಕಡೆ ತಿರುಗುತ್ತ, "ಗೊತ್ತಾದ್ ಮ್ಯಾಲ ನೀವೂ ಬ್ಯಾಡ ಅಂದ್ರ ಬ್ಯಾಡ್ರೀ" ಎಂದು ಸೇರಿಸಿದಳು.

ಆ ಕೊನೆಯ ಮಾತಿಗೆ ನನ್ನ ಕಣ್ಣು ತುಂಬಿತು. ನನ್ನಲ್ಲಿ ಅಂಥದ್ದೇನೂ ಇಲ್ಲ ಭೀಮವ್ವ ಎಂದೆ. ಜಿ.ಎಂ. ಬಳಿ ಹೋಗಿ ಕಾರಣ ಹೇಳದೆ, ರಂಗೋಲಿ ಇರಲಿ ಸಾರ್, ಬರುವವರಿಗೆ ಗುರುತಾಗುತ್ತದೆ ಎಂದು ವಾದಿಸಿದೆ. ಅವಳ ಮನೆಯ ಮಾತನ್ನು ಆಫೀಸಿನ ಮಾತಾಗಿಸುವುದು ನನಗೆ ಬೇಕಿರಲಿಲ್ಲ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಗುರುತಿಗೆ ಬೋರ್ಡ್ ಹಾಕ್ಸೋಣ ಬಿಡ್ರಿ" ಎಂದರು. ಬೋರ್ಡು ಬೇಡವೆಂದು ಆ ವಾಸ್ತುಶಿಲ್ಪಿ ಹುಡುಗಿ ಅದನ್ನೂ ನಿಲ್ಲಿಸಿದಳು.

ಮನೆಗೆ ಬಂದು ಅವ್ವನ ಮುಂದೆ ವಠಾರದ ಆ ಮನೆ ಮಾಲಕಿಯನ್ನು ಚೆನ್ನಾಗಿ ಬೈದೆ. "ಈ ಕಾಲದಲ್ಲೂ ಇಂಥ ಜನ ಇದಾರಲ್ಲವ್ವ! ನಮ್ಮ ಲಿಂಗಾಯತರಲ್ಲಾದ್ರೆ ಸೂತಕ ಗೀತಕ ಏನೂ ಇಲ್ಲ, ಎಷ್ಟೋ ವಾಸಿ." ಅವ್ವ ಬೀನ್ಸ್ ಸೋಸುತ್ತಿದ್ದಳು. ತಲೆ ಎತ್ತದೆ, "ಬಾಯಿ ಮಾತಿನಾಗ ಇಲ್ಲ ಬಿಡು" ಎಂದಳು. "ನಿಮ್ಮಪ್ಪ ಹೋದ ಮ್ಯಾಲೆ ನನ್ನ ಯಾರರ ಅರಿಶಿಣ ಕುಂಕುಮಕ್ಕ ಕರದಾರೇನು? ಈ ಅಪಾರ್ಟ್‌ಮೆಂಟಿನಾಗ ಎಲ್ಲಾ ಶರಣರ ಮಂದಿನೇ ಅದಾರ. ನಿನ್ನ ಕರೀತಾರ, ನನಗ ಪ್ರಸಾದ ಕಟ್ಟಿ ಕೊಡ್ತಾರ." ನಾನು ತಂದ ಪ್ರಸಾದದ ಪೊಟ್ಟಣಗಳನ್ನು ಅವಳು ಹೇಗೆ ಬಿಚ್ಚುತ್ತಿದ್ದಳೆಂದು ನೆನಪು ಮಾಡಿಕೊಳ್ಳಲು ಹೋದೆ, ಆಗಲಿಲ್ಲ. ಅವತ್ತು ಇಬ್ಬರೂ ಬೇಗ ಊಟ ಮುಗಿಸಿದೆವು.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಪೀಣ್ಯದಲ್ಲಿ ಅವತ್ತು ಯಂತ್ರಗಳಿಗೆಲ್ಲ ಬಿಡುವು, ಪುರೋಹಿತರಿಗೆ ಮಾತ್ರ ಇಲ್ಲ. ಆ ಸಲ ನಮಗೆ ಬಂದ ಶಾಸ್ತ್ರಿಗಳು ಸ್ಕೂಟರಿನಲ್ಲಿ ಶೆಡ್ಡಿನಿಂದ ಶೆಡ್ಡಿಗೆ ಓಡಾಡುತ್ತ, ಒಂದು ಕಡೆ ಮಂತ್ರ ಮುಗಿಸುವಾಗಲೇ ಇನ್ನೊಂದು ಕಡೆಯ ಫೋನಿಗೆ ಸನ್ನೆ ಮಾಡುತ್ತಿದ್ದರು. ನಮ್ಮ ಹಿಂದಿನ ಶಾಸ್ತ್ರಿಗಳು ವಯಸ್ಸಾಗಿ ಬಿಟ್ಟಿದ್ದರಿಂದ ಇವರು ಈ ಕಟ್ಟಡಕ್ಕೆ ಬಂದಿದ್ದು ಅದೇ ಮೊದಲು. ಮಷೀನುಗಳಿಗೆ ಪೂಜೆಯಾಯಿತು, ಕಾರುಗಳಿಗಾಯಿತು. ಬೂದುಗುಂಬಳ ಕೈಗೆತ್ತಿಕೊಂಡು ಕೇಳಿದರು: "ಮುಖ್ಯದ್ವಾರ ಎಲ್ಲಿ? ಅಲ್ಲಿ ಒಡೀಬೇಕು."

ಎಲ್ಲರೂ ಒಂದೊಂದು ಕಡೆ ಕೈ ತೋರಿಸಿದರು. ಓರೆ ಗೋಡೆಯ ಹಿಂದೆ ಎಂದ ನನ್ನ ಮಾತು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಯೂನಿಯನ್ನಿನವರು ಗೇಟಿನ ಮುಂದೆ ಎಂದರು. ನಂಜಪ್ಪ, "ಎಲ್ರೂ ಓಡಾಡೋದು ಕ್ಯಾಂಟೀನ್ ಕಡೆಯಿಂದ್ಲೇ ಅಲ್ವಾ ಸಾಮೀ" ಎಂದ. ಜಿ.ಎಂ. ಕಾಂಕ್ರೀಟು ಗೋಡೆಯ ಗುಂಟ ಶಾಸ್ತ್ರಿಗಳನ್ನು ಕರೆದುಕೊಂಡು ಹೊರಟರು. ದಿನಾ ಕಾರಿನಿಂದ ನೆಲಮಾಳಿಗೆಯಲ್ಲಿ ಇಳಿದು ಲಿಫ್ಟ್ ಹತ್ತುವ ಮನುಷ್ಯ, ಪಾಪ, ಅವರೂ ತಪ್ಪಿದರು. ಕೊಳದವರೆಗೆ ಹೋಗಿ ಎಲ್ಲರೂ ವಾಪಸ್ ಬಂದೆವು. ಶಾಸ್ತ್ರಿಗಳು ವಾಚು ನೋಡಿಕೊಂಡು, "ಏನ್ರೀ ಇದು, ರಾಹುಕಾಲ ಬಂದ್ಬಿಡುತ್ತೆ! ಬಾಗಿಲಿಗೆ ಒಂದು ರಂಗೋಲಿ ಹಾಕ್ಸಿಡೋಕೂ ಆಗ್ಲಿಲ್ವಾ?" ಎಂದು ರೇಗಿದರು.

ಜಿ.ಎಂ. ಹಿಂದೆ ತಿರುಗಿ ಕೂಗಿದರು. "ಎಲ್ಲಿ ಆ ಭೀಮವ್ವ? ಬೇಗ ಒಂದು ರಂಗೋಲಿ ಹಾಕಮ್ಮ!"

ಗುಂಪಿನ ಹಿಂದಿನಿಂದ ಭೀಮವ್ವ ಬಂದಳು. ಹಬ್ಬವಾದ್ದರಿಂದ ಕೋಟು, ಟೋಪಿ ಇರಲಿಲ್ಲ. ಅವಳ ಮುಖ ನನಗೆ ಕಂಡಿತು. ಸುಮ್ಮನೆ ಹಾಕಿಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳು ಶಾಸ್ತ್ರಿಗಳ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಸ್ವಾಮ್ಯಾರ, ನನ್ ಗಂಡ ತೀರ್ಕೊಂಡಾನ್ರೀ. ಇವತ್ ಪೂಜಿ ದಿನ. ಮುಚ್ಚಿಟ್ಟು ಹಾಕಬಾರ್ದು. ಹೇಳ್ರಿ, ನಾ ಹಾಕಬೌದೇನ್ರೀ?"

ಜಿ.ಎಂ. ಕೆಳಗೆ ನೋಡಿದರು. ಶಾಸ್ತ್ರಿಗಳು ಕುಂಬಳಕಾಯಿಯನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬದಲಾಯಿಸಿಕೊಂಡರು. ಅದು ಸಾಕಷ್ಟು ಭಾರವಿತ್ತು.

"ನಾನು ಕೇಳಿದ್ದು ಬಾಗಿಲೆಲ್ಲಿ ಅಂತ, ತಾಯಿ. ನಿಂಗೆ ಗೊತ್ತಾ?"

"ಗೊತ್ತದ್ರೀ."

"ಹಂಗಾದ್ರೆ ನಡಿ. ಹಾಕು. ನಿನ್ನ ಹಿಂದೇನೇ ಬರ್ತೀನಿ."

ಅವಳು ಓರೆ ಗೋಡೆಯ ಹಿಂದಕ್ಕೆ ನಡೆದಳು. ಶಾಸ್ತ್ರಿಗಳು, ಜಿ.ಎಂ., ಎಂ.ಡಿ. ಸಾಹೇಬರು, ಮಷೀನಿನವರು, ಕ್ಯಾಂಟೀನಿನವರು ಎಲ್ಲ ಅವಳ ಹಿಂದೆ. ಭೀಮವ್ವ ಕಲ್ಲಿನ ಮೇಲೆ ನೀರು ಚಿಮುಕಿಸಿ ಕೂತಳು. ಒಂದು ಸಣ್ಣ ಗೆರೆ ಎಳೆದಿದ್ದರೂ ಸಾಕಾಗಿತ್ತು, ಅಷ್ಟು ಅವಸರದಲ್ಲಿದ್ದೆವು. ಅವಳು ಅವಸರ ಮಾಡಲಿಲ್ಲ. ಚುಕ್ಕಿಯ ಮೇಲೆ ಚುಕ್ಕಿ ಇಟ್ಟು, ಗಾಜಿನ ಈಚೆ ತುದಿಯಿಂದ ಆಚೆ ತುದಿಯವರೆಗೆ ಬಳ್ಳಿ ಹರಿಸಿದಳು. ಕಲ್ಲಿನ ಚಿಂತೆಯ ಆ ಹುಡುಗಿಯೂ ಬಂದಿದ್ದಳು. ಯಾರೂ ತುಳಿಯದ ಹಾಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು. ರಾಹುಕಾಲ ಬಂತೋ ಹೋಯಿತೋ, ಶಾಸ್ತ್ರಿಗಳು ಮತ್ತೆ ವಾಚು ನೋಡಿದ್ದು ನನಗೆ ಕಾಣಲಿಲ್ಲ.

ಕುಂಬಳಕಾಯಿ ಒಡೆದಾಯಿತು. ಹೆಂಗಸರಿಗೆ ಕುಂಕುಮ ಕೊಡುವುದು ಪ್ರತಿವರ್ಷ ನನ್ನ ಪಾಲಿನ ಕೆಲಸ. ತಟ್ಟೆ ಹಿಡಿದು ಸಾಲಿನ ಗುಂಟ ಬಂದೆ. ಭೀಮವ್ವನ ಮುಂದೆ ಬಂದಾಗ ಅವಳು ರೂಢಿಯಂತೆ ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಮುಂದಿನವರ ಬಳಿಗೆ ಹೋಗಲಿಲ್ಲ.

"ಹಚ್ಚಲೇನು ಭೀಮವ್ವ?"

ಅವಳು ತಟ್ಟೆ ನೋಡಿದಳು. ಪುಡಿ ಮೆತ್ತಿದ ತನ್ನ ಬೆರಳು ನೋಡಿಕೊಂಡಳು.

"ಬ್ಯಾಡ್ರೀ ಮೇಡಂ. ಇದು ನಂಗ ಬ್ಯಾಡ." ಆಮೇಲೆ ತಲೆಯೆತ್ತಿ ಕೇಳಿದಳು: "ನಾಳಿಗಿ ದಸರಾ ರಜಾ ಅದ. ನಾಡಿದ್ ಬಂದು ರಂಗೋಳಿ ಹಾಕ್ಲೇನ್ರೀ?"

ಜಿ.ಎಂ. ಪಕ್ಕದಲ್ಲೇ ಇದ್ದರು, ಆ ಹುಡುಗಿಯೂ ಇದ್ದಳು. ನಾನು ಯಾರ ಕಡೆಗೂ ತಿರುಗಲಿಲ್ಲ.

"ದಿನಾ ಹಾಕವ್ವಾ" ಎಂದೆ.